ಗಿರಾಕಿ ಲಕ್ಕವ್ವ

"ಉಚ್ಚಿ ಹೊಯ್ಯಾಕ ಇಪ್ಪತ್ತ ನಿಮಿಷ ಬೇಕೇನ ಬೇ ನಿಮಗ? ಒಳಗೇನ ಡೋಣಿ ಹೊಳಿ ಹರಸ್ತೀರೇನ ರಂಡೇರ್ಯಾ?"

ಟಿಕೋಟಾದ ಒಣದ್ರಾಕ್ಷಿ ಕಾರ್ಖಾನೆಯ ಧಣಿ ಶಿವಯೋಗೆಪ್ಪ ಹೀಗೆ ಒದರುತ್ತ, ಒಣದ್ರಾಕ್ಷಿ ಹರಿದು ಬರುವ ಬೆಲ್ಟಿನ ಗುಂಟ ಓಡಾಡಿದ. ಬೆಲ್ಟಿನ ಎರಡೂ ಮಗ್ಗುಲಿಗೆ ಅರವತ್ತು ಹೆಣ್ಣುಮಕ್ಕಳು, ಗಂಧಕದ ಘಾಟಿಗೆ ಮೂಗು ಬಾಯಿ ಅರಿವೆಯಿಂದ ಬಿಗಿದುಕೊಂಡು ದ್ರಾಕ್ಷಿಯ ಕಡ್ಡಿ ಆರಿಸುತ್ತಿದ್ದರು.

ಅದಾಗಿ ಒಂದು ವಾರಕ್ಕೆ, ಶಿವಯೋಗೆಪ್ಪನಿಗೆ ಸಹಜವಾಗಿ ಬರದ ಬುದ್ಧಿ ಕೃತಕವಾಗಿ ಬಂತು. ವಿಜಯಪುರದಿಂದ ಎಂಜಿನಿಯರುಗಳನ್ನು ಕರೆಸಿ ಎರಡು ಯಂತ್ರ ಹಾಕಿಸಿದ. ಒಂದು ಆಳುಗಳ ಕಕ್ಕಸದ ಬಾಗಿಲಿಗೆ, ಇನ್ನೊಂದು ರಸ್ತೆಗೆ ಮುಖ ಮಾಡಿದ ಕಾರ್ಖಾನೆಯ ಅಂಗಡಿಗೆ; ಅಲ್ಲಿ ಮಾಲು ಮಾರುವುದೂ ಗಿರಾಕಿಗಳ ಕಕ್ಕಸ ತೆರೆಯುವುದೂ ಅದರದೇ ಕೆಲಸ. ಎರಡರಲ್ಲೂ ಒಂದೇ ಹೆಣ್ಣುದನಿ. ಹೆಸರು ಸುಗಮಾ.

"ಇನ್ನ ಮ್ಯಾಲ ಕಕ್ಕಸಕ್ಕ ಹೋಗಾಕ ನನ್ನ ಕೇಳಬ್ಯಾಡ್ರಿ, ಆಕೀನ್ನ ಕೇಳ್ರಿ," ಎಂದ ಆಳುಗಳ ಮೇಲ್ವಿಚಾರಕ, ಮುಕಾದಮ ಮಾಳು. "ಭಾಳ ಮರ್ಯಾದಿ ಕೊಟ್ಟ ಮಾತಾಡ್ತಾಳ. ನೀವು ಮಸಡಿ ಕಟಗೊಂಡಿರತೀರಿ, ಗುರ್ತ ಹತ್ತಂಗಿಲ್ಲ. ಅದಕ್ಕ ಗಂಡನ ಹೆಸರ ಕೇಳ್ತಾಳ. ಹೇಳಿದ್ರ ಬಾಗಲಾ ತಗೀತೈತಿ."

ಗಂಡನ ಹೆಸರು! ಘೋಣಸಗಿಯ ಲಕ್ಕವ್ವ ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಆ ಹೆಸರನ್ನು ಹೇಳಿದ್ದು ಪ್ರಾಸ ಕಟ್ಟಿದ ಒಡಪಿನಲ್ಲಿ ಮಾತ್ರ. ಅದೂ ಮದುವೆ, ಬಸುರಿಯ ಕುಬಸದಂಥ ಹೊತ್ತಿನಲ್ಲಿ, ಹತ್ತು ಜನ ಕಾಡಿದ ಮೇಲೆ, ಸೆರಗಿನೊಳಗಿಂದ. ಬರೀ ಹೆಸರು ಹಿಡಿದು ಕರೆದರೆ ಗಂಡನ ಆಯುಷ್ಯ ಸವೆಯುತ್ತದೆಂದು ಅತ್ತೆ ಹೇಳಿಟ್ಟಿದ್ದಳು. ಬೆಲ್ಟಿನ ಕೆಲವರು ಎರಡೇ ದಿನಕ್ಕೆ ನಾಚಿಕೆ ನುಂಗಿ ಹೆಸರು ಹೇಳಲು ಕಲಿತರು. ಕಲಿಯದವರು ನೀರು ಕುಡಿಯುವುದನ್ನು ಬಿಟ್ಟರು. ಕಾಯಕವೇನೋ ಕೈಲಾಸ, ಕಕ್ಕಸ ಮಾತ್ರ ವನವಾಸ.

ಲಕ್ಕವ್ವ ನೀರು ಬಿಟ್ಟವಳು. ಆದರೆ ಇವತ್ತು ಗಂಧಕ ಗಂಟಲಲ್ಲಿ ಕೂತಿತ್ತು. ಊಟದ ಹೊತ್ತಿಗೆ ಎರಡು ತಂಬಿಗೆ ಏರಿಸಿಬಿಟ್ಟಳು. ಮೂರು ಗಂಟೆಗೆ ಕಿಬ್ಬೊಟ್ಟೆ ಕಲ್ಲಾಯಿತು. ಮೂರೂವರೆಗೆ ಆ ಕಲ್ಲು ಕರಗಲು ಹವಣಿಸಿತು. ಎದ್ದು ಯಂತ್ರದ ಮುಂದೆ ನಿಂತಳು.

"ನಮಸ್ಕಾರ, ನೆಚ್ಚಿನ ಸಿಬ್ಬಂದಿಯೇ. ಗುರುತಿನ ಖಾತ್ರಿಗಾಗಿ ನಿಮ್ಮ ಪತಿಯ ಹೆಸರು ಹೇಳಿ."

"ಯವ್ವಾ, ನಾ ಲಕ್ಕವ್ವ ಅದೇನಿ. ನನ್ನ ಹೆಸರ ತಗೋ."

"ಕ್ಷಮಿಸಿ. ನಿಮ್ಮ ಹೆಸರು ಅಗತ್ಯವಿಲ್ಲ."

ಲಕ್ಕವ್ವ ಒಂದು ಕಾಲ ಮೇಲಿನ ಭಾರ ಇನ್ನೊಂದಕ್ಕೆ ಬದಲಿಸಿದಳು. ಸೆರಗು ಬಾಯಿಗೆ ಅಡ್ಡ ಹಿಡಿದು, ಕಣ್ಣು ಮುಚ್ಚಿ, ಒಡಪು ಹಾಕಿದಳು:

"ದ್ರಾಕ್ಷಿ ತ್ವಾಟದಾಗ ಜೇನ ಗುಂಯ್ ಅಂದ್ರ ನಾ ಕೂತೇನಿ ಗಪ್ಪ,
ತಾಳಿ ಕಟ್ಟಿ ಕರಕೊಂಡ ಬಂದವರು ಘೋಣಸಗಿ ಬಸಗೊಂಡಪ್ಪ."

"ಉತ್ತರ ಉದ್ದವಾಗಿದೆ, ಹೆಸರಾಗಿ ದಾಖಲಾಗಲಿಲ್ಲ. ಆದರೆ ಸೊಗಸಾದ ಕವಿತೆ! ಇದೇ ಧಾಟಿಯಲ್ಲಿ ನಿಮಗಾಗಿ ಒಂದನ್ನು ರಚಿಸಿದ್ದೇನೆ: ಜುಳುಜುಳು ಹರಿಯುವ ತಣ್ಣನೆ ತೊರೆಯೇ, ತಡೆಯುವರಾರೇ ನಿನ್ನ? ಸುರಿ ಸುರಿ ಮಳೆಯೇ, ತುಂಬಿದ ಕೆರೆಯೇ..."

"ಬಾಯಿ ಮುಚ್ಚ ಭಾಡ್ಯಾ!" ಲಕ್ಕವ್ವ ತೊಡೆ ಬಿಗಿಹಿಡಿದಳು.

ಬೆಲ್ಟಿನಿಂದ ಶಾಹೀನ ಎದ್ದು ಬಂದಳು. "ಸರೀ ಬೇ ಅಕ್ಕಾ, ನಾ ಹೇಳ್ತೇನಿ. ಏ ಸುಗಮಾ, ಈಕಿ ಗಂಡ ಬಸಗೊಂಡಪ್ಪ. ತಗೀ ಬಾಗಲಾ, ನಿನ್ನ ಹೆಣಾ ಎತ್ತಲಿ!"

"ಒಬ್ಬರ ಜಾಗದಲ್ಲಿ ಇಬ್ಬರು ನಿಂತಿದ್ದೀರಿ. ಇಬ್ಬರ ಹಾಜರಿಯಲ್ಲೂ ಅರ್ಧ ತಾಸು ಕಡಿತ. ನಿಮ್ಮ ದಿನ ಶುಭವಾಗಲಿ."

ಅಷ್ಟರಲ್ಲಿ ಅಂಗಡಿಯ ಕಡೆ ಕಾರು ನಿಂತಿತು. ಇಳಿದವನು ಜಲನಗರದ ಸಗಟು ವ್ಯಾಪಾರಿ ಮುರ್ತುಜಾಸಾಬ. ಸಕ್ಕರೆ ಕಾಯಿಲೆಯವನು, ಬಂದವನೇ ಅವಸರದಲ್ಲಿ ಅಂಗಡಿಯ ಯಂತ್ರವನ್ನು ಕೇಳಿದ: "ಸಂಡಾಸ ಎಲ್ಲೈತೆವಾ?"

"ಗ್ರಾಹಕರಿಗೆ ಸ್ವಾಗತ! ಎಡಗಡೆ. ಬಾಗಿಲು ತೆರೆದಿದೆ."

ಟಕ್ಕೆಂದು ತೆರೆಯಿತು. ಗಂಡನ ಹೆಸರಿಲ್ಲ, ಹೆಂಡತಿಯ ಹೆಸರಿಲ್ಲ. ಕೈ ಒರೆಸುತ್ತ ಹೊರಬಂದ ಅವನನ್ನು ಶಿವಯೋಗೆಪ್ಪ ಚಹಾಕ್ಕೆ ಕರೆದೊಯ್ದ. ಲಕ್ಕವ್ವ ಇದನ್ನೆಲ್ಲ ಜಾಳಿಗೆಯ ಕಿಂಡಿಯಿಂದ ನೋಡಿದಳು.

ಮುಖದ ಅರಿವೆ ಬಿಚ್ಚಿ ಸೊಂಟಕ್ಕೆ ಸಿಗಿಸಿದಳು. ಗೇಟು ದಾಟಿ, ರಸ್ತೆಗಿಳಿದು, ಸುತ್ತಿ ಬಂದು ಅಂಗಡಿಯ ಮುಂದೆ ನಿಂತಳು. ಆ ಮುಖವನ್ನು ಯಂತ್ರ ಎಂದೂ ನೋಡಿರಲಿಲ್ಲ.

"ಇಪ್ಪತ್ತ ರೂಪಾಯಿ ಮಣೂಕ ಕೊಡ." ಕುಪ್ಪಸದಿಂದ ನೋಟು ತೆಗೆದು ತುರುಕಿದಳು. ಒಣದ್ರಾಕ್ಷಿಯ ಪೊಟ್ಟಣ ಉದುರಿತು.

"ಧನ್ಯವಾದಗಳು ಮೇಡಂ! ಬೇರೇನು ಸೇವೆ ಬೇಕು?"

ಮೇಡಂ ಹೇಳಿದಳು. ಬಾಗಿಲು ತೆರೆಯಿತು. ಬಿಳಿ ಹಾಸುಗಲ್ಲು, ಗುಲಾಬಿ ವಾಸನೆ, ಕನ್ನಡಿ. ಲಕ್ಕವ್ವ ಒಳಗಿನಿಂದ ಚಿಲಕ ಜಡಿದಳು.

ಹತ್ತು ನಿಮಿಷಕ್ಕೆ ಮುರ್ತುಜಾಸಾಬನಿಗೆ ಚಹಾ ಇಳಿದು ಮತ್ತೆ ಅವಸರವಾಯಿತು; ಧಣಿಯೊಂದಿಗೆ ಓಡಿ ಬಂದ. ಬಾಗಿಲು ಮುಚ್ಚಿತ್ತು.

"ಯಾರ ಅದೀರಿ ಒಳಗ?" ಶಿವಯೋಗೆಪ್ಪ ಬಡಿದ.

"ಗಿರಾಕಿ ಅದೇನ್ರಿ."

ದನಿಯ ಗುರುತು ಹತ್ತಿ ಅವನ ಮೀಸೆ ನೆಟ್ಟಗಾಯಿತು. "ಲಕ್ಕಿ! ನಿಮ್ಮಂಥವರು ಕುಂಡ್ರು ಜಾಗೇನ ಇದು? ಹೊರಗ ಬಾ ಬೋಸೂಡಿ! ಏ ಸುಗಮಾ, ಬಾಗಲಾ ತಗೀ, ನಾ ಧಣಿ ಅದೇನಿ."

"ಗ್ರಾಹಕರು ಒಳಗಿದ್ದಾರೆ. ನೀವು ಸಿಬ್ಬಂದಿಯೇ? ಗುರುತಿನ ಖಾತ್ರಿಗಾಗಿ ನಿಮ್ಮ ಪತಿಯ ಹೆಸರು ಹೇಳಿ."

"ನನ್ನ ಗಂಡನ ಹೆಸರ? ನಾನ ಗಂಡಸ ಅದೇನಲೇ, ಹಾಟ್ಯಾ!"

"ಕ್ಷಮಿಸಿ. ಆ ಹೆಸರು ದಾಖಲೆಯಲ್ಲಿಲ್ಲ."

"ಯಪ್ಪಾ, ನಗಸಬ್ಯಾಡೋ ಶಿವಯೋಗೆಪ್ಪ," ಮುರ್ತುಜಾಸಾಬ ಕಾಲಿಗೆ ಕಾಲು ಹೆಣೆದ. "ಇಲ್ಲೇ ಆಗತೈತಿ ನಂದು!"

ಗೇಟಿನ ಕಡೆಯಿಂದ ಶಾಹೀನ ಬಂದಳು. ಮುಖದ ಅರಿವೆ ಬಿಚ್ಚಿತ್ತು. ಅವಳ ಹಿಂದೆ ಇನ್ನಿಬ್ಬರು, ಅವರ ಹಿಂದೆ ಹತ್ತು ಮಂದಿ, ಎಲ್ಲರ ಮುಷ್ಟಿಯಲ್ಲೂ ನೋಟು. ಒಳಗೆ ಬೆಲ್ಟು ತನ್ನಷ್ಟಕ್ಕೆ ಓಡುತ್ತ, ಕಡ್ಡಿಸಮೇತ ದ್ರಾಕ್ಷಿಯನ್ನು ನೆಲಕ್ಕೆ ಸುರಿಯುತ್ತಿತ್ತು. "ಸರತಿಗೆ ನಿಲ್ಲರಿ," ಎಂದು ಮಾಳು ಅಭ್ಯಾಸಬಲದಿಂದ ಸಾಲು ಮಾಡಿಸಿದ.

ಬಾಗಿಲಾಚೆ ಲಕ್ಕವ್ವನದು ಮುಗಿದು ಬಹಳ ಹೊತ್ತಾಗಿತ್ತು. ಕೈ ತೊಳೆದು, ಮುಚ್ಚಳ ಇಳಿಸಿ, ಅದರ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು ಪೊಟ್ಟಣ ಒಡೆದಳು. ಒಂದೊಂದೇ ಕಾಳು ಬಾಯಿಗೆ ಹಾಕಿಕೊಂಡು, ಆರಿಸಿಯೂ ಉಳಿದಿದ್ದ ಪ್ರತಿ ಕಡ್ಡಿಯನ್ನೂ ಬಾಗಿಲ ಕೆಳಗಿನ ಸಂದಿಯಿಂದ ಶಿವಯೋಗೆಪ್ಪನ ಬೂಟಿನ ಮೇಲೆ ಚಿಮ್ಮಿಸತೊಡಗಿದಳು.