ನೀರು ಬರುವ ಸದ್ದು

ಸೂಪರ್‌ಹೀರೋ ಧಾರಾವಾಹಿಯ ಮೊದಲ ಕಂತು ಬಿಡುಗಡೆಯಾದ ದಿನ, ಇನ್ನೂ ಬೆಳಕಿರುವಾಗಲೇ ಲಂಬಾಣಿ ತಾಂಡಾದ ಜನ ಠಾಕಪ್ಪನ ಮನೆಯಲ್ಲಿ ಸೇರಿದರು. ಅದರ ಒಂದು ಭಾಗದ ಚಿತ್ರೀಕರಣ ಕಾಳಿ ನದಿಯ ಮೇಲೆ ನಡೆದಿತ್ತು. ನಾಯಕನ ಬದಲಿಗೆ ಬಂಡೆಯಿಂದ ಹಾರಿದವನು ತಾನೇ ಎಂದು ಠಾಕಪ್ಪನ ಮಗ ಮಾಲತೇಶ ಹೇಳುತ್ತ ಬಂದಿದ್ದ. ಹೆಂಡತಿ ಸುಮನಳನ್ನು ಬಿಟ್ಟರೆ ಆ ಮಾತನ್ನು ನಂಬಿದವರಿಲ್ಲ. ಅವನು ಅದೇ ಕೋಣೆಯಲ್ಲಿ, ಗೋಡೆಗೆ ತಾಗಿಸಿದ ಮಂಚದ ಮೇಲೆ ಮಲಗಿದ್ದ. ಸೊಂಟದಿಂದ ಕೆಳಗೆ ಅವನಿಗೆ ಸ್ವಾಧೀನವಿರಲಿಲ್ಲ.

ತೇರಗಾಂವದ ಆಚೆಯ ಆ ತಾಂಡಾದಲ್ಲಿ ಉಳಿದವರೆಲ್ಲ ಕಬ್ಬು ಕಡಿಯುವವರು. ಮಾಲತೇಶ ಒಬ್ಬನೇ ಹೊಳೆಗೆ ಹೋದವನು. ದಾಂಡೇಲಿಗೆ ಬರುವ ಪ್ರವಾಸಿಗರನ್ನು ರಬ್ಬರ್ ದೋಣಿಯಲ್ಲಿ ಕೂರಿಸಿ ನೀರಿನ ಸೆಳವಿನಲ್ಲಿ ಇಳಿಸುವ ಗೈಡ್ ಕೆಲಸ ಅವನದಾಗಿತ್ತು. ಆ ಕೆಲಸಕ್ಕೆ ಹೊಸದಾಗಿ ಬಂದವರಿಗೆ ಹೊಳೆಯನ್ನು ಕಲಿಸುತ್ತಿದ್ದವನೂ ಅವನೇ. ಚಿತ್ರೀಕರಣದವರು ಅವನನ್ನೇ ಹುಡುಕಿಕೊಂಡು ಬಂದಿದ್ದರು.

ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಅವರ ಮ್ಯಾನೇಜರ್ ಠಾಕಪ್ಪನಿಗೆ ಬೇರೆ ಸಂಗತಿ ಹೇಳಿದ. ಕೆಲಸ ಮುಗಿದ ಮೇಲೆ ನಿಮ್ಮ ಮಗ ಕುಡಿದ, ಕತ್ತಲೆಯಲ್ಲಿ ಬಂಡೆಯಿಂದ ಜಾರಿದ, ಎಂದ. ಠಾಕಪ್ಪ ಪ್ರಜ್ಞೆಯಿಲ್ಲದ ಮಗನ ಎದೆಯ ಮೇಲೆ ಬಾಗಿ ಮೂಸಿದ. ಬ್ರಾಂಡಿಯ ವಾಸನೆ ಬಂತು. ನೀರಿನಿಂದ ಎತ್ತಿದವರು ಮೈ ಬೆಚ್ಚಗಾಗಲೆಂದು ತಿಕ್ಕಿದ್ದು ಅದು ಎಂದು ಮಾಲತೇಶ ಎಚ್ಚರವಾದ ಮೇಲೆ ಹೇಳಿದ್ದನ್ನು ಠಾಕಪ್ಪ ಕೇಳಿಸಿಕೊಳ್ಳಲಿಲ್ಲ. ಕುಡಿತಕ್ಕೆ ತನ್ನ ತಮ್ಮನನ್ನು ಕಳೆದುಕೊಂಡವನು ಅವನು. ಮದುವೆಗೆ ಮೊದಲು ಸೇವಾಲಾಲರ ಗುಡಿಯಲ್ಲಿ, ಕುಡಿಯುವುದಿಲ್ಲವೆಂದು ಮಗನಿಂದ ಆಣೆ ಮಾಡಿಸಿದ್ದ. ಆಣೆ ಮುರಿದವನೊಡನೆ ಮಾತಿಲ್ಲ ಎಂಬುದು ತಾಂಡಾದ ಕಟ್ಟಳೆ. ಠಾಕಪ್ಪ ಅದನ್ನು ತನ್ನ ಮನೆಯೊಳಗೇ ಪಾಲಿಸಿದ. ಬೆನ್ನು ಹುಣ್ಣಾಗದಂತೆ ಮಗನನ್ನು ಹೊರಳಿಸುತ್ತಿದ್ದ, ಮೈ ತೊಳೆಯುತ್ತಿದ್ದ, ಮಲ ಬಳಿಯುತ್ತಿದ್ದ. ಕೊಟ್ಟಿಗೆಯ ದನದೊಡನೆ ಆಡುವಷ್ಟು ಮಾತನ್ನೂ ಅವನೊಡನೆ ಆಡುತ್ತಿರಲಿಲ್ಲ.

“ಸೀರಿಯಲ್ ಬರಲಿ,” ಎಂದು ಮಾಲತೇಶ ಸುಮನಳಿಗೆ ಹೇಳುತ್ತಿದ್ದ. “ಅಪ್ಪ ಒಮ್ಮೆ ಕಣ್ಣಾರೆ ನೋಡ್ಲಿ. ಆಮ್ಯಾಲ ಮಾತಾಡ್ತಾನ.”

ಅವನ ಕೈಕೆಳಗೆ ಹೊಳೆ ಕಲಿತ ಬಾಲು ತನ್ನ ಮೊಬೈಲನ್ನು ಟಿವಿಗೆ ಜೋಡಿಸುತ್ತಿದ್ದ.

“ಏ ಬಾಲ್ಯಾ, ಇನ್ನೂ ಎಷ್ಟೊತ್ತೋ?” ಎಂದಳು ಠಾಕಪ್ಪನ ತಂಗಿ ದ್ವಾರಕಾಬಾಯಿ. “ಎಮ್ಮಿ ಹಿಂಡೂ ಹೊತ್ತಾತು.”

“ತಡೀ ಅತ್ತಿ, ನೆಟ್ ಸುತ್ತಾಕತ್ತೇತಿ.”

“ಗಾಳ್ಯಾಗ ಹಾರಾಂವಗ ನಮ್ಮ ತಾಂಡಾಕ್ಕ ಬರಾಕ ಇಷ್ಟೊತ್ತ ಬೇಕೇನು?”

ಕಂತು ಆರಂಭವಾಯಿತು. ಯಾವುದೋ ನಗರಕ್ಕೆ ಬೆಂಕಿ ಬಿದ್ದಿತ್ತು. ಕಪ್ಪು ಮುಖವಾಡದ ವೀರನೊಬ್ಬ ಆಕಾಶದಿಂದ ಇಳಿದು, ಮಂದಿ ಕುಳಿತಿದ್ದ ಬಸ್ಸನ್ನು ಎರಡೂ ಕೈಗಳಿಂದ ಎತ್ತಿ ಹಿಡಿದ.

“ಹಳಿಯಾಳದ ಸಂತಿ ಬಸ್ ಎತ್ತಿ ತೋರಿಸು ಅನ್ನು ಅವಗ,” ಎಂದಳು ದ್ವಾರಕಾಬಾಯಿ. “ಸೊಂಟ ಹಿಡದು ಕುಂದರತಾನ.”

ಎಲ್ಲರೂ ನಕ್ಕರು. ಆಮೇಲೆ ಮಂಚದ ಕಡೆ ನೋಡಿ ನಗು ನಿಲ್ಲಿಸಿದರು.

ಅಷ್ಟರಲ್ಲಿ ಪರದೆಯ ಮೇಲೆ ಹೊಳೆ ಬಂತು. ಕಥೆಯಲ್ಲಿ ಅದು ಬೇರೆ ಯಾವುದೋ ದೇಶದ ನದಿ. ಕೋಣೆಯಲ್ಲಿದ್ದವರಿಗೆ ಅದು ಕಾಳಿ. ಎತ್ತರದ ಬಂಡೆಯ ತುದಿಯಲ್ಲಿ ವೀರ ನಿಂತಿದ್ದ. ಬೆನ್ನ ಹಿಂದೆ ಅವನ ಉದ್ದನೆಯ ಮೇಲಂಗಿ ಹಾರಾಡುತ್ತಿತ್ತು. ಅವನು ಬಲಗೈಯನ್ನು ಎತ್ತಿ, ಅಂಗೈಯಿಂದ ತನ್ನ ನೆತ್ತಿಯನ್ನು ತಟ್ಟಿಕೊಂಡ.

“ಅಯ್ಯ, ತಲಿ ಯಾಕ ಬಡಕೊಂತಾನ? ಹೇನಾಗ್ಯಾವೇನು ಹೀರೋಗ?” ಎಂದು ದ್ವಾರಕಾಬಾಯಿ ಎಲ್ಲರನ್ನೂ ನಗಿಸಿದಳು.

“ಅವರss!” ಎಂದು ಸುಮನ ಎದ್ದು ನಿಂತಳು. “ನಮ್ಮವರು ಅವರ!”

ಬಾಲು ನಕ್ಕಿರಲಿಲ್ಲ. “ಅದು ಗೈಡ್ ಮಂದಿ ಕೈಸನ್ನಿ ಅತ್ತಿ. ನಾ ತಯಾರ್ ಅದೇನಿ ಅಂತ ಕೆಳಗ ನಿಂತಾಂವಗ ತಿಳಸೂದು. ಮಾಲಣ್ಣನ ನಮಗ ಕಲಿಸಿದ್ದು. ಸಿನಿಮಾದಾಂವಗ ಅದು ಹೆಂಗ ಗೊತ್ತಾಗಬೇಕು?”

ವೀರ ಹಾರಿದ. ನೀರು ಸಿಡಿಯಿತು. ಕಪ್ಪು ದೇಹ ಮೇಲೆ ಬಂದು, ಮುಖ ಕೆಳಗಾಗಿ ತೇಲಿತು. ಮರುಕ್ಷಣ ದೃಶ್ಯ ಬದಲಾಗಿ, ಅವನು ಮಗುವೊಂದನ್ನು ಎತ್ತಿಕೊಂಡು ದಂಡೆಗೆ ನಡೆದು ಬರುತ್ತಿದ್ದ. ಬಾಗಿಲಲ್ಲಿ ನಿಂತಿದ್ದವರು ಸಿಳ್ಳೆ ಹೊಡೆದರು, ಚಪ್ಪಾಳೆ ತಟ್ಟಿದರು. ಬಾಲು ಮೊಬೈಲ್ ಒತ್ತಿ ಹಿಂದಕ್ಕೆ ಒಯ್ದು, ಬಿದ್ದ ದೇಹದ ಮೇಲೆ ಚಿತ್ರವನ್ನು ನಿಲ್ಲಿಸಿದ.

“ಯಾಕ ನಿಲ್ಲಿಸಿದ್ಯೋ? ಮುಂದ ಬಿಡು,” ಎಂದ ಅವರಲ್ಲೊಬ್ಬ.

“ಇದು ಆ್ಯಕ್ಟಿಂಗ್ ಅಲ್ಲ,” ಎಂದ ಬಾಲು. ಅವನ ಧ್ವನಿ ಕುಗ್ಗಿತ್ತು. “ನೀರಿಗೆ ಬಿದ್ದ ಗೈಡ್ ಮೊದಲ ಅಂಗಾತ ಆಗ್ತಾನ. ನಿದ್ದ್ಯಾಗ ನೂಕಿದ್ರೂ ಆಗ್ತಾನ. ಇಂವಗ ಹೊಳ್ಳಾಕ ಆಗಿಲ್ಲ. ಬೆನ್ನು ಇಲ್ಲೇ ಮುರದೈತಿ.”

ಠಾಕಪ್ಪ ಟಿವಿಯ ಹತ್ತಿರ ಹೋಗಿ ನಿಂತ. ಒದ್ದೆ ಉಡುಪು ಆ ಬೆನ್ನಿಗೆ ಅಂಟಿಕೊಂಡಿತ್ತು. ಆ ಬೆನ್ನನ್ನು ಅವನು ದಿನವೂ ತೊಳೆಯುತ್ತಿದ್ದ. ನೀರಿನ ಮೇಲೆ ಬಿದ್ದಿದ್ದ ಬೆಳಕನ್ನು ಬೆರಳಿನಿಂದ ಮುಟ್ಟಿದ.

“ಬಿಸಲೈತಿ,” ಎಂದ. “ಕತ್ತಲ್ಯಾಗ ಬಿದ್ದಾನ ಅಂದ್ರು.”

“ಇದೆಲ್ಲಾ ಕಂಪ್ಯೂಟರ್‌ದಾಗ ಮಾಡ್ತಾರಣ್ಣಾ,” ಎಂದಳು ದ್ವಾರಕಾಬಾಯಿ. “ಬಸ್ ಎತ್ತಿದ್ದು ಖರೆ ಏನು ಮತ್ತ?”

“ಬಸ್ ಸುಳ್ಳು. ಇದು ಖರೆ,” ಎಂದ ಠಾಕಪ್ಪ.

ಮಂಚದ ಮೇಲಿಂದ ಮಾಲತೇಶ ಮಾತಾಡಿದ. ಅವನು ತಂದೆಯನ್ನು ನೋಡುತ್ತಿರಲಿಲ್ಲ.

“ಬಾಲು, ಇನ್ನೂ ಹಿಂದ ತಗೋ. ನಾ ನಿಂತದ್ದು ತೋರಿಸು.”

ಬಾಲು ತೋರಿಸಿದ.

ಕಾಳಿಯ ನೀರು ಅಣೆಕಟ್ಟಿನ ಕೈಯಲ್ಲಿದೆ. ಮೇಲೆ ವಿದ್ಯುತ್ತಿಗಾಗಿ ನೀರು ಬಿಟ್ಟಾಗ ಹೊಳೆ ಏರುತ್ತದೆ, ನಿಲ್ಲಿಸಿದಾಗ ಇಳಿದು ಬಂಡೆಗಳು ಏಳುತ್ತವೆ. ಬಿಟ್ಟ ನೀರು ಕಣ್ಣಿಗೆ ಕಾಣುವ ಮೊದಲು ಮೇಲಿನ ತಿರುವಿನಿಂದ ಅದರ ಮೊರೆತ ಕೇಳುತ್ತದೆ. ದೋಣಿ ಇಳಿಸುವವರು ಆ ಮೊರೆತಕ್ಕಾಗಿ ದಂಡೆಯಲ್ಲಿ ಕಾಯುತ್ತಾರೆ. ನೋಡಬೇಡಿ, ಕೇಳಿ, ಹೊಳೆ ಕಣ್ಣಿಗೆ ಮೋಸ ಮಾಡುತ್ತದೆ, ಕಿವಿಗೆ ಮಾಡುವುದಿಲ್ಲ ಎಂದು ಮಾಲತೇಶ ಹೊಸಬರಿಗೆ ಕಲಿಸಿದ್ದ. ಆ ದಿನ ಮುಖವಾಡ ಅವನಿಗೆ ನೇರ ಮುಂದಿನದನ್ನಷ್ಟೇ ಕಾಣಿಸುತ್ತಿತ್ತು. ಬಂಡೆಯ ಮೇಲೆ ನಿಂತು ಮೊರೆತಕ್ಕಾಗಿ ಕಾದ. ಕೇಳಿದ ಮೇಲೆ ನೀರು ಏರುವಷ್ಟು ಹೊತ್ತು ತಡೆದು, ಹಾರಿದ. ನೀರು ಬಂದಿತ್ತು, ಹೊಳೆಯೇ ತನ್ನನ್ನು ಬಂಡೆಗೆ ಎಸೆಯಿತು ಎಂದೇ ಇಷ್ಟು ದಿನ ನಂಬಿದ್ದ.

ಪರದೆಯ ಮೇಲೆ, ಅವನ ಪಾದಗಳಿಂದ ಬಹಳ ಕೆಳಗೆ, ತಗ್ಗಿದ ನೀರಿನ ನಡುವೆ ಬಂಡೆಗಳು ಒಣಗಿ ಬೆಳ್ಳಗಿದ್ದವು.

“ನೀರು ಬಂದಿಲ್ಲ,” ಎಂದ ಮಾಲತೇಶ.

ಬಾಲು ಪರದೆಯ ಹತ್ತಿರ ಹೋಗಿ ಬಗ್ಗಿ ನೋಡಿದ.

“ನಾ ಕೇಳಿದ್ನಲ್ಲೋ, ಬಾಲು. ಏನ ಕೇಳಿದೆ ನಾ?”

“ಮೇಲಂಗಿ ನೋಡಣ್ಣಾ,” ಎಂದ ಬಾಲು. “ಅದು ಹಾರಾಡತೈತಿ. ಹಿಂದಿನ ಬಿದಿರು ಒಂದ ಎಲಿ ಅಲ್ಲಾಡೂದಿಲ್ಲ. ಬಂಡೆಗಲ್ಲಿನ ಹಿಂದ ದೊಡ್ಡ ಫ್ಯಾನ್ ಇಟ್ಟಾರ.”

“ಮದ್ಲ ಮಾಡಿ ನೋಡುವಾಗ ಇರಲಿಲ್ಲ ಅದು.”

“ನೀ ಮುಖವಾಡ ಹಾಕ್ಕೊಂಡ ಮ್ಯಾಲ ಚಾಲೂ ಮಾಡಿರಬೇಕು. ಅದರ ಸದ್ದ ನಿನಗ ನೀರ ಬಂದಂಗ ಕೇಳೇತಿ.”

ಮಾಲತೇಶ ಕಣ್ಣು ಮುಚ್ಚಿದ. ಜನ ಒಬ್ಬೊಬ್ಬರಾಗಿ ಎದ್ದರು. ಉಳಿದ ಕಂತನ್ನು ತನ್ನ ಮನೆಯಲ್ಲಿ ನೋಡೋಣವೆಂದು ಯಾರೋ ಅಂಗಳದಲ್ಲಿ ಕರೆಯುತ್ತಿದ್ದ. ದ್ವಾರಕಾಬಾಯಿ ಎಮ್ಮೆ ಹಿಂಡಲು ಹೋದಳು. ಬಾಲು ತಂತಿ ಬಿಚ್ಚಿಕೊಂಡು ಮಂಚದ ಬಳಿ ನಿಂತ.

“ಅಣ್ಣಾ, ನಾಳೆ ಮುಂಜಾನೆ ನಾ ಬೋಟ್ ಇಳಸೂದೈತಿ. ಹೆಂಗ ಮಾಡ್ಲಿ? ಕಿವಿ ನಂಬ್ಲೋ ಬ್ಯಾಡೋ?”

“ನನ್ನ ಕೇಳಬ್ಯಾಡ.”

ಬಾಲು ಹೋದ ಮೇಲೆ ಠಾಕಪ್ಪ ಮಂಚದ ಅಂಚಿನಲ್ಲಿ ಕುಳಿತ.

“ಮಾಲ್ಯಾ. ನೀ ಕುಡದಿರಲಿಲ್ಲ.”

“ಕುಡದಿದ್ರ ಚಲೋ ಇತ್ತು, ಯಪ್ಪಾ,” ಎಂದ ಮಾಲತೇಶ. “ತಪ್ಪು ಕುಡತದ್ದು ಆಗತಿತ್ತು. ಹೊಳಿ ನನಗ ತಿಳೀತೈತಿ ಅನ್ನೂದೊಂದು ಉಳೀತಿತ್ತು.”

“ಹಂಗನಬ್ಯಾಡ. ಆಣಿ ಮುರದಿಲ್ಲ ನೀ. ನಾಳೆ ಗುಡಿ ಮುಂದ ನಿಂತು ಎಲ್ಲಾರಿಗೂ ನಾನ ಹೇಳ್ತೇನಿ. ಆ ಮ್ಯಾನೇಜರ್‌ನ ಮಾತ ಕೇಳಿ ನಾ… ಮೂಸಿ ನೋಡಿದ್ನೋ, ಮಾಲ್ಯಾ. ನಿನ್ನ ಮೈಮ್ಯಾಲ ವಾಸನಿ ಇತ್ತು. ಇತ್ತೋ ಇಲ್ಲೋ ನೀನ ಹೇಳು. ಏನರೆ ಒಂದ ಮಾತು ಹೇಳು.”

ಠಾಕಪ್ಪ ಮತ್ತೆ ಮೊದಲಿನಿಂದ ಹೇಳಿದ. ಆಸ್ಪತ್ರೆ, ಮ್ಯಾನೇಜರ್, ತನ್ನ ತಮ್ಮ ಸತ್ತದ್ದು, ಆಣೆ. ಇಷ್ಟು ಕಾಲ ತಡೆದಿಟ್ಟದ್ದೆಲ್ಲ ಹೊರಗೆ ಬರುತ್ತಿತ್ತು. ಮಗನ ತೆರೆದ ಕಣ್ಣುಗಳು ಆರಿದ ಟಿವಿಯ ಮೇಲೆ ನಿಂತಿದ್ದವು. ತುಟಿ ಬಿಗಿದಿತ್ತು.

ಸುಮನ ಬಂದು ಗಂಡನ ಮುಖ ನೋಡಿದಳು. ಆಮೇಲೆ ಮಾವನ ಕಡೆ ತಿರುಗಿದಳು.

“ಸಾಕ್ರಿ ಮಾವಾರ,” ಎಂದಳು. “ಈಗ ಸುಮ್ನಿರ್ರಿ.”