ಹಡಗು ದಡ ಮುಟ್ಟಲಿ

ವಾಸಪ್ಪ ಅಕ್ಕನ ಫೋನಿನ ಗಾಜಿನ ಮೇಲೆ ಎರಡು ಬೆರಳಿಟ್ಟು ಅರಬ್ಬೀ ಸಮುದ್ರವನ್ನು ಹಿಗ್ಗಿಸುತ್ತಿದ್ದ. ಅವನ ಹೆಗಲ ಮೇಲಿಂದ ನಾಲ್ಕೈದು ತಲೆಗಳು ಇಣುಕುತ್ತಿದ್ದವು. ಪಕ್ಕದಲ್ಲೇ, ಎರಡು ಬೆಂಚು ಜೋಡಿಸಿ ಇಟ್ಟಿದ್ದ ಫ್ರೀಜರ್ ಪೆಟ್ಟಿಗೆಯೊಳಗೆ ಅವನ ಅಕ್ಕ ದುರ್ಗಮ್ಮ ಮಲಗಿದ್ದಳು. ಅವಳ ಕಡೆ ಯಾರೂ ನೋಡುತ್ತಿರಲಿಲ್ಲ.

"ಇಲ್ಲಿದಾನೆ ನೋಡಿ," ಎಂದು ವಾಸಪ್ಪ ನೀಲಿ ನೀರಿನ ನಡುವೆ ನಿಂತಿದ್ದ ಪುಟ್ಟ ಬಾಣವೊಂದನ್ನು ತೋರಿಸಿದ. "ನಾಳೆ ಬೆಳಿಗ್ಗೆ ಕೊಚ್ಚಿ ಅಂತ ಬರ್ದಿದಾರೆ. ಕೊಚ್ಚಿಗೆ ಬಂದ್ರೆ ಮುಗೀತು. ರೈಲು ಹತ್ತಿದ್ರೆ ಮಂಗಳೂರು. ನಾಡಿದ್ದು ಬೆಳಿಗ್ಗೆ ಮಗನೇ ಬೆಂಕಿ ಇಡ್ತಾನೆ."

ಬಾಣ ಎಂದರೆ ದುರ್ಗಮ್ಮನ ಮಗ ಯೋಗರಾಜ್. ನಿಜಕ್ಕೂ ಅದು ಹಡಗು, ಯೋಗರಾಜ್ ಅದರ ಅಡುಗೆಮನೆಯಲ್ಲಿ ಕೆಲಸಕ್ಕಿದ್ದವನು. ಆದರೆ ರಿಪ್ಪನ್‌ಪೇಟೆಯ ಆ ಬೀದಿಯಲ್ಲಿ ಬಾಣಕ್ಕೂ ಅವನಿಗೂ ವ್ಯತ್ಯಾಸ ಉಳಿದಿರಲಿಲ್ಲ.

ಪೆಟ್ಟಿಗೆಯ ತಲೆಯ ಕಡೆ, ದುರ್ಗಮ್ಮನ ಹೋಟೆಲಿನ ಗೋಡೆಗೆ ಒರಗಿ ಅವಳ ಮಗಳು ಕುಮುದಾ ಕೂತಿದ್ದಳು. ಅಮ್ಮ ಸತ್ತದ್ದು ನಿನ್ನೆ ಬೆಳಗಿನ ಜಾವ, ದೋಸೆಕಲ್ಲು ಕಾಯುವ ಮೊದಲೇ. ಏಪ್ರಿಲ್ ತಿಂಗಳ ಬಿಸಿಲು. ಕರೆಂಟು ಹೋದಾಗಲೆಲ್ಲ ಪೆಟ್ಟಿಗೆ ಗೊರಗೊರ ಎಂದು ಸುಮ್ಮನಾಗುತ್ತಿತ್ತು, ಜನರೇಟರ್ ಎಳೆಯಲು ಯಾರಾದರೂ ಓಡಬೇಕಾಗುತ್ತಿತ್ತು. ಕುಮುದಾಳಿಗೆ ಬೇಕಾಗಿದ್ದದ್ದು ಒಂದೇ: ಇವತ್ತು ಬೆಳಕಿರುವಾಗಲೇ ಅಮ್ಮನ ಸಂಸ್ಕಾರ ಮುಗಿಯಬೇಕು. ಅದನ್ನು ಅವಳು ಬೆಳಿಗ್ಗೆಯೇ ಹೇಳಿದ್ದಳು. ಮಗ ಇದ್ದೂ ಇಲ್ಲದವಳ ಹಾಗೆ ಅಕ್ಕನನ್ನು ಕಳಿಸಿದರೆ ಊರಿನಲ್ಲಿ ತಾನು ತಲೆ ಎತ್ತಿ ತಿರುಗುವ ಹಾಗಿಲ್ಲ ಎಂದು ವಾಸಪ್ಪ ಅಲ್ಲಿಗೆ ಮಾತು ಮುಗಿಸಿದ್ದ. ಗಂಡ ತೀರಿಕೊಂಡು ಎಷ್ಟೋ ವರ್ಷವಾಗಿರುವ ಹೆಂಗಸಿಗೆ ಕೊಳ್ಳಿ ಇಡುವವನು ಮಗನಲ್ಲದೆ ಮತ್ಯಾರು ಎಂದು ಉಳಿದವರೂ ತಲೆಯಾಡಿಸಿದ್ದರು.

ಕಾಯುವುದು ಕುಮುದಾಳಿಗೆ ಹೊಸದಲ್ಲ. ಹೊಸದಲ್ಲ ಎಂಬುದೇ ಅವಳ ಹೊಟ್ಟೆಯನ್ನು ಉರಿಸುತ್ತಿತ್ತು.

*

ಯೋಗರಾಜ್ ಹಡಗು ಹತ್ತಿದ ವರ್ಷ, ಎದುರಿನ ಮೊಬೈಲ್ ಅಂಗಡಿಯ ನಟರಾಜ್ ದುರ್ಗಮ್ಮನ ಫೋನಿಗೆ ಹಡಗು ನೋಡುವ ಆ್ಯಪ್ ಹಾಕಿಕೊಟ್ಟಿದ್ದ. ಜಗತ್ತಿನ ಯಾವ ಹಡಗು ಎಲ್ಲಿದೆ ಎಂದು ಕೂತಲ್ಲೇ ನೋಡಬಹುದು, ದುಡ್ಡಿಲ್ಲ ಕಾಸಿಲ್ಲ. ಹಡಗಿನ ಹೆಸರು ಗ್ರಾಂಡ್ ಲೂಮಿನಾ. ದುರ್ಗಮ್ಮನ ಬಾಯಲ್ಲಿ ಅದು 'ನಮ್ಮ ಹಡಗು'.

ಅವತ್ತಿನಿಂದ ಅವಳ ದಿನ ಶುರುವಾಗುತ್ತಿದ್ದದ್ದೇ ಅಲ್ಲಿಂದ. ಒಲೆ ಹಚ್ಚುವ ಮೊದಲು ಫೋನ್ ನೋಡುವುದು, ನೋಡಿದ ಮೇಲೆ ಹೋಟೆಲಿನ ಕಪ್ಪು ಹಲಗೆಯ ಮೇಲೆ ಬರೆಯುವುದು. 'ಇಂದು: ಕೊಟ್ಟೆ ಕಡುಬು, ಅವಲಕ್ಕಿ. ಹಡಗು: ಬಾರ್ಸಿಲೋನಾ.' ಹೊಸನಗರದ ಬಸ್ಸಿನ ಡ್ರೈವರುಗಳು ಚಹಾ ಕುಡಿಯುತ್ತಾ, ನಮ್ಮ ಬಸ್ಸು ಎಲ್ಲಿದೆ ಅಂತ ನಮ್ಮ ಮನೆಯವರಿಗೇ ಗೊತ್ತಿಲ್ಲ, ನಿನ್ನ ಮಗ ಪುಣ್ಯವಂತ ಎಂದು ಕಿಚಾಯಿಸುತ್ತಿದ್ದರು. ದುರ್ಗಮ್ಮ ಅದನ್ನು ಹೊಗಳಿಕೆ ಎಂದೇ ತೆಗೆದುಕೊಳ್ಳುತ್ತಿದ್ದಳು.

ಬಾಣ ನಡುನೀರಿನಲ್ಲಿ ದಿನಗಟ್ಟಲೆ ಅಲ್ಲಾಡದೆ ನಿಲ್ಲುವುದೂ ಇತ್ತು. ಆಗ ಅವಳು ಹಡಗು ಕೆಟ್ಟಿತೆಂದು ದೇವರ ಮುಂದೆ ತುಪ್ಪದ ದೀಪ ಹಚ್ಚುತ್ತಿದ್ದಳು. ಹಡಗು ಕೆಡುವುದಿಲ್ಲ, ದಡದಿಂದ ದೂರ ಹೋದರೆ ಪುಕ್ಕಟೆ ನೋಡುವವರಿಗೆ ಹಳೇ ಜಾಗವನ್ನೇ ತೋರಿಸುತ್ತಾರೆ ಎಂದು ನಟರಾಜ್ ಎಷ್ಟು ಸಲ ಹೇಳಿದರೂ ಅವಳ ಕಿವಿಗೆ ಇಳಿಯಲಿಲ್ಲ. ಎರಡು ದಿನ ಕಳೆದು ಬಾಣ ಬೇರೆ ಕಡೆ ಕಾಣಿಸಿಕೊಂಡರೆ ಅದು ತುಪ್ಪದ ಮಹಿಮೆ.

ಅಷ್ಟೇ ಆಗಿದ್ದರೆ ಕುಮುದಾಳೂ ನಗುತ್ತಿದ್ದಳು. ಆದರೆ ಮನೆಯ ಯಾವ ಮಾತು ಬಂದರೂ ಅಮ್ಮನದು ಒಂದೇ ಉತ್ತರವಾಯಿತು. "ಹಡಗು ದಡ ಮುಟ್ಲಿ. ಅವನ್ನೊಂದು ಮಾತು ಕೇಳಿ ಮಾಡಣ."

ತೀರ್ಥಹಳ್ಳಿಯಿಂದ ಶಿವಮೂರ್ತಿ ಎಂಬವನ ಸಂಬಂಧ ಬಂತು. ಗೊಬ್ಬರದ ಅಂಗಡಿ ಇಟ್ಟುಕೊಂಡಿದ್ದ, ಮೆತ್ತಗಿನ ಮನುಷ್ಯ. ಹೋಟೆಲಿಗೇ ಬಂದು, ಕುಮುದಾ ಹಾಕಿಕೊಟ್ಟ ದೋಸೆ ತಿಂದು, ಇನ್ನೊಂದು ಕೇಳಲು ನಾಚಿಕೊಂಡು ಎದ್ದುಹೋಗಿದ್ದ. ಕುಮುದಾಳಿಗೆ ಅವನು ಹಿಡಿಸಿದ್ದ. ಹಡಗು ದಡ ಮುಟ್ಟಲಿ ಎಂದಳು ಅಮ್ಮ. ಹಡಗು ನಾರ್ವೆ ಮುಟ್ಟಿತು, ಗ್ರೀಸ್ ಮುಟ್ಟಿತು, ದುಬೈ ಮುಟ್ಟಿತು. ಯೋಗರಾಜ್ ಇನ್ನೂ ಏನೂ ಹೇಳಿಲ್ಲ ಎಂದೇ ಅಮ್ಮ ಹೇಳುತ್ತಿದ್ದಳು. ತೀರ್ಥಹಳ್ಳಿಯವರು ಕಾದರು, ಮತ್ತೆ ಕೇಳಿಸಿದರು, ಕೊನೆಗೆ ಬೇರೆ ಹೆಣ್ಣು ತಂದುಕೊಂಡರು. ಕುಮುದಾ ಅವತ್ತಿನಿಂದ ತಮ್ಮನ ಜೊತೆ ಫೋನಿನಲ್ಲಿ ಮಾತಾಡುವುದನ್ನು ಬಿಟ್ಟಳು. ಅವನು ಫೋನ್ ಮಾಡಿದಾಗ ಅಮ್ಮ ಹಿತ್ತಿಲಿಗೆ ಹೋಗಿ ಮಾತಾಡುತ್ತಿದ್ದಳು. ಇವಳು ಪಾತ್ರೆಗಳನ್ನು ಬೇಕೆಂದೇ ಜೋರಾಗಿ ಸದ್ದು ಮಾಡಿ ತೊಳೆಯುತ್ತಿದ್ದಳು.

ಹೋದ ದೀಪಾವಳಿ ಕಳೆದ ಮೇಲೆ ದುರ್ಗಮ್ಮನಿಗೆ ಎದೆ ಹಿಡಿದುಕೊಂಡಿತು. ಶಿವಮೊಗ್ಗದ ಡಾಕ್ಟರು ಹೃದಯದ ನಾಳ ಕಟ್ಟಿಕೊಂಡಿದೆ, ತಡಮಾಡದೆ ಸ್ಟೆಂಟ್ ಹಾಕಿಸಿ ಎಂದರು. ಕುಮುದಾ ಆಸ್ಪತ್ರೆಯಲ್ಲೇ ದಿನ ಗೊತ್ತು ಮಾಡಲು ಹೊರಟಳು. ಅಮ್ಮ ಅವಳ ಸೆರಗು ಹಿಡಿದು ಜಗ್ಗಿದಳು.

"ಹಡಗು ದಡ ಮುಟ್ಲಿ ತಡಿ."

"ಅವನೇನು ಡಾಕ್ಟರಾ ಅಮ್ಮ?"

"ಮನೆ ಗಂಡಸು. ಕೇಳ್ದೆ ಮೈ ಕುಯ್ಸಿಕೊಳ್ಳದಾ?"

ಮೈ ಕುಯ್ಯುವುದಿಲ್ಲ, ಸಣ್ಣ ನಳಿಗೆ ಹಾಕುತ್ತಾರೆ ಅಷ್ಟೇ ಎಂದು ದಾರಿಯುದ್ದಕ್ಕೂ ಹೇಳಿದ್ದೇ ಬಂತು. ಸಂಕ್ರಾಂತಿ ಆಯಿತು, ಶಿವರಾತ್ರಿ ಆಯಿತು. ಮಾತೆತ್ತಿದರೆ, ಅವನು ಯೋಚನೆ ಮಾಡ್ತಿದಾನೆ ಎನ್ನುವ ಉತ್ತರ. ಯೋಚನೆ ಮಾಡುವ ತಮ್ಮನನ್ನು ಕುಮುದಾ ಮನಸ್ಸಿನಲ್ಲೇ ಬೈದಷ್ಟು ಯಾರನ್ನೂ ಬೈದಿರಲಿಲ್ಲ.

*

ಮಧ್ಯಾಹ್ನ ಇಳಿಯುವ ಹೊತ್ತಿಗೆ ಜನ ಬೇಸತ್ತಿದ್ದರು. ಸಾಗರದಿಂದ ಬಂದವರು ಕಡೇ ಬಸ್ಸಿನ ಲೆಕ್ಕ ಹಾಕುತ್ತಿದ್ದರು. ಹೆಣ ಎತ್ತದೆ ಅಕ್ಕಪಕ್ಕದ ಮನೆಗಳಲ್ಲಿ ಒಲೆ ಹಚ್ಚುವ ಹಾಗಿಲ್ಲ, ಮಕ್ಕಳು ಬಿಸ್ಕತ್ತು ತಿಂದು ತಿರುಗುತ್ತಿದ್ದವು. ಪಕ್ಕದ ಮನೆಯ ಪುಷ್ಪಮ್ಮ ಬಂದು ಕುಮುದಾಳ ಕೈಗೆ ನೀರಿನ ಲೋಟ ಹಿಡಿಸಿ, ಇದಕ್ಕೊಂದು ಕೊನೆ ಕಾಣಿಸು ಮಾರಾಯ್ತಿ ಎಂದು ಪಿಸುಗುಟ್ಟಿ ಹೋದಳು.

ವಾಸಪ್ಪ ಗಳಿಗೆಗೊಮ್ಮೆ ಬಾಣವನ್ನು ಒತ್ತುತ್ತಿದ್ದ. ಅದು ಬೆಳಿಗ್ಗೆ ಇದ್ದಲ್ಲೇ ಇತ್ತು. ನಟರಾಜ್ ಅಂಗಡಿ ಮುಚ್ಚಿ ಬಂದವನು ಫೋನ್ ತೆಗೆದುಕೊಂಡು ನೋಡಿದ.

"ಇದು ನಿನ್ನೇದು ವಾಸಪ್ಪಣ್ಣ. ಈಗ ಹಡಗು ಎಲ್ಲಿದೆ ಅಂತ ಇದಕ್ಕೇ ಗೊತ್ತಿಲ್ಲ. ಕೊಚ್ಚಿ ಅಂತ ಬರ್ದಿದ್ದೂ ಹಳೇದಿರ್ಬೇಕು."

ವಾಸಪ್ಪನಿಗೆ ಸಿಟ್ಟು ಬಂತು. ಅಕ್ಕ ಇದನ್ನು ನೋಡಿಕೊಂಡೇ ಇಷ್ಟು ವರ್ಷ ಬದುಕಿರಲಿಲ್ಲವೇ, ಅವಳೇನು ದಡ್ಡಿಯೇ ಎಂದು ಕೇಳಿದ. ಯೋಗರಾಜನಿಗೆ ನಿನ್ನೆಯಿಂದ ಕಳಿಸಿದ ಮೆಸೇಜುಗಳೆಲ್ಲ ಒಂದೇ ಟಿಕ್ ತೋರಿಸುತ್ತಿದ್ದವು, ಅವನಿಗೆ ಮುಟ್ಟಿರಲಿಲ್ಲ. ಮುಂಬೈಯ ಕಂಪನಿ ಆಫೀಸಿನವರು ಹಡಗಿಗೆ ತಿಳಿಸುತ್ತೇವೆ ಎಂದಿದ್ದರು, ಅಷ್ಟೇ.

ಅಷ್ಟರಲ್ಲಿ ದುರ್ಗಮ್ಮನ ಫೋನು ವಾಸಪ್ಪನ ಕೈಯಲ್ಲೇ ರಿಂಗಾಯಿತು. ಯೋಗರಾಜ್. ವಾಸಪ್ಪ ಎಲ್ಲರಿಗೂ ಕೇಳುವ ಹಾಗೆ ಸ್ಪೀಕರ್ ಹಾಕಿದ. ಮೊದಲು ಬರೀ ಅಳು ಬಂತು, ಹೋಟೆಲಿನೊಳಗಿದ್ದ ಹೆಂಗಸರೂ ಅತ್ತರು. ಆಮೇಲೆ ಅವನು ಹೇಳಿದ: ಹಡಗು ಕೊಚ್ಚಿಗೆ ಬರುವುದಿಲ್ಲ, ನೇರ ಕೊಲಂಬೋಗೆ ಹೋಗುತ್ತಿದೆ. ಅಲ್ಲಿ ಇಳಿಸಿದರೂ ಮನೆ ಮುಟ್ಟಲು ನಾಲ್ಕೈದು ದಿನವಾಗುತ್ತದೆ.

"ಕಾಯ್ಬೇಡಿ ಮಾವ. ಅಮ್ಮನ್ನ ಹಾಗೆ ಇಟ್ಕೊಬೇಡಿ."

"ಕಾಯ್ದೆ ಏನು ಮಾಡದು?" ಎಂದ ವಾಸಪ್ಪ. "ಆಪರೇಷನ್ನಿಗೂ ನಿನ್ನ ಒಪ್ಪಿಗೆಗೇ ಕಾದ್ವಲ್ಲ. ಇದಕ್ಕೆ ಕಾಯಲ್ವಾ?"

ಆ ಕಡೆ ಅಳು ನಿಂತಿತು.

"ಯಾವ ಆಪರೇಷನ್ನು?"

ಕುಮುದಾ ಎದ್ದು ಬಂದು ಮಾವನ ಕೈಯಿಂದ ಫೋನ್ ತೆಗೆದುಕೊಂಡಳು. ತಮ್ಮನ ಜೊತೆ ಮಾತಾಡಿ ವರ್ಷಗಳೇ ಆಗಿದ್ದವು. "ಅಮ್ಮ ನಿನ್ನ ಕೇಳ್ಲಿಲ್ವಾ? ಎದೆ ನೋವಿಂದು? ಸ್ಟೆಂಟಿಂದು?"

"ಇಲ್ಲ ಅಕ್ಕ. ಗುಂಡುಕಲ್ಲಿನ ಹಾಗೆ ಇದೀನಿ ಅಂತಿದ್ಲು. ಇವತ್ತು ಎಷ್ಟು ಜನಕ್ಕೆ ಅಡುಗೆ ಮಾಡ್ದೆ ಅಂತ ಕೇಳ್ತಿದ್ಲು, ಅಷ್ಟೇ."

ಕುಮುದಾ ಫೋನನ್ನು ಇನ್ನೊಂದು ಕೈಗೆ ಬದಲಿಸಿದಳು. "ತೀರ್ಥಹಳ್ಳಿ ಸಂಬಂಧ?"

"ಅದು ನೀನೇ ಬೇಡ ಅಂದಿ ಅಂದ್ಲಲ್ಲ. ನಿಂಗೆ ಮದುವೆ ಸುದ್ದಿ ಎತ್ತಿದ್ರೆ ಸಿಟ್ಟು ಬರುತ್ತೆ, ಕೇಳ್ಬೇಡ ಅಂದಿದ್ಲು. ಅದಕ್ಕೇ ನೀನು ನನ್ನತ್ರ ಮಾತಾಡಲ್ಲ ಅಂದ್ಕೊಂಡಿದ್ದೆ."

ಲೈನು ಕಡಿದುಹೋಯಿತು. ಕುಮುದಾ ಫೋನನ್ನು ಬೆಂಚಿನ ತುದಿಗೆ ಇಟ್ಟಳು. ಪೆಟ್ಟಿಗೆಯ ಗಾಜಿಗೆ ಒಳಗಿನ ತಂಪಿನಿಂದ ಹಬೆ ಕಟ್ಟಿತ್ತು. ಅಂಗೈಯಿಂದ ಒರೆಸಿ ನೋಡಿದಳು. ಅಮ್ಮನ ಮುಖದಲ್ಲಿ ಏನೂ ಇರಲಿಲ್ಲ. ಆಸ್ಪತ್ರೆಗೆ ಹೆದರಿದ್ದೆ ಅಂತ ಬಾಯಿಬಿಟ್ಟು ಹೇಳಬಹುದಿತ್ತು. ನೀನು ಹೋದರೆ ಒಬ್ಬಳಾಗುತ್ತೇನೆ ಅಂತ ಹೇಳಬಹುದಿತ್ತು. ಹೇಳಿದ್ದರೆ ತಾನು ಜಗಳವಾಡುತ್ತಿದ್ದೆನೋ, ಉಳಿಯುತ್ತಿದ್ದೆನೋ, ಎತ್ತಿಕೊಂಡೇ ಆಸ್ಪತ್ರೆಗೆ ಹೋಗುತ್ತಿದ್ದೆನೋ. ಜಗಳವಾಡುವ ಅವಕಾಶವನ್ನೂ ಕೊಡದೆ ಎಲ್ಲದಕ್ಕೂ ಒಂದು ಹಡಗನ್ನು ಅಡ್ಡ ನಿಲ್ಲಿಸಿದ್ದಳು ಅಮ್ಮ. ಕುಮುದಾಳಿಗೆ ಅಳು ಬರಲಿಲ್ಲ, ಸಿಟ್ಟು ಬಂತು.

"ಎತ್ತಿ ಮಾವ," ಎಂದಳು.

ವಾಸಪ್ಪ ಈ ಸಲ ಎದುರಾಡಲಿಲ್ಲ. ಹಾಗಾದರೆ ತಾನೇ ಬೆಂಕಿ ಇಡುತ್ತೇನೆ, ತಮ್ಮನಿಗೂ ಅಧಿಕಾರವಿದೆ ಎಂದು ಪಂಚೆ ಸರಿಮಾಡಿಕೊಂಡ.

"ಬೇಡ. ನಾನೇ ಇಡ್ತೀನಿ."

ಹೆಂಗಸರು ಸ್ಮಶಾನಕ್ಕೆ ಬರುವ ರೂಢಿ ನಮ್ಮಲ್ಲಿಲ್ಲ ಎಂದು ಯಾರೋ ಗೊಣಗಿದರು. ಬಸ್ಸಿನ ಹೊತ್ತಾಗುತ್ತಿದ್ದುದರಿಂದ ಆ ಮಾತು ಅಲ್ಲೇ ನಿಂತಿತು. ನೋಡಿಕೊಂಡವಳು ಅವಳು, ಅವಳೇ ಮಾಡಲಿ, ಎಷ್ಟು ಪ್ರೀತಿ ನೋಡಿ ಎಂದು ಪುಷ್ಪಮ್ಮ ಕಣ್ಣೊರೆಸಿಕೊಂಡಳು. ಕುಮುದಾ ಅದನ್ನು ತಿದ್ದಲು ಹೋಗಲಿಲ್ಲ.

ಸ್ಮಶಾನ ಊರಾಚೆ, ಒಣಗಿದ ಹಳ್ಳದ ಪಕ್ಕ. ನೀರು ತುಂಬಿದ ಮಡಕೆಯನ್ನು ಹೆಗಲಿಗಿಟ್ಟುಕೊಂಡು ಕುಮುದಾ ಸೌದೆಯ ಸುತ್ತ ಮೂರು ಸುತ್ತು ಬಂದಳು. ಪ್ರತಿ ಸುತ್ತಿಗೂ ವಾಸಪ್ಪ ಕತ್ತಿಯ ತುದಿಯಿಂದ ಮಡಕೆಗೆ ಒಂದೊಂದು ತೂತು ಹೊಡೆದ. ನೀರು ಬೆನ್ನ ಮೇಲೆ ಇಳಿದು ಸೀರೆ ಒದ್ದೆಯಾಯಿತು. ಮಡಕೆ ಹಿಂದಕ್ಕೆ ಬಿಟ್ಟಳು, ಅದು ಒಡೆಯಿತು. ವಾಸಪ್ಪ ಕೊಟ್ಟ ಕೊಳ್ಳಿಯನ್ನು ಸೌದೆಯ ಸಂದಿಗೆ ತುರುಕಿದಳು. ಒಣ ಸೌದೆ, ತಡವಿಲ್ಲದೆ ಹತ್ತಿಕೊಂಡಿತು.

"ಆಯ್ತು. ಹೊರಡು. ಹಿಂದೆ ತಿರುಗಿ ನೋಡ್ಬಾರ್ದು," ಎಂದ ವಾಸಪ್ಪ. ಹಿಂದೆ ನೋಡಿದರೆ ಹೋದವರ ಕಾಲು ಮುಂದೆ ಹೋಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತಿದ್ದ ಮಾತು.

ಜನ ಒಬ್ಬೊಬ್ಬರಾಗಿ ಬೋರ್‌ವೆಲ್ಲಿನ ಕಡೆ ಕಾಲು ತೊಳೆಯಲು ಹೊರಟರು. ಕುಮುದಾ ಅವರ ಜೊತೆ ನಾಲ್ಕು ಹೆಜ್ಜೆ ನಡೆದು ನಿಂತಳು. ನಿಂತವಳು ತಿರುಗಿದಳು. ವಾಸಪ್ಪ ಎರಡು ಸಲ ಕೂಗಿದ, ಅವಳು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಉರಿಯ ಝಳ ಮುಖಕ್ಕೆ ಹೊಡೆಯುವಷ್ಟು ಹತ್ತಿರ ಹೋಗಿ, ಉಳಿದಿದ್ದ ಸೌದೆಯ ದಿಮ್ಮಿಯೊಂದನ್ನು ಕಾಲಿನಿಂದ ಎಳೆದುಕೊಂಡು ಅದರ ಮೇಲೆ ಚಿತೆಗೆ ಎದುರಾಗಿ ಕೂತಳು. ಒದ್ದೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು.

"ಈಗ ಹೇಳು," ಎಂದಳು.