ಗೆರೆಯ ಎಡಕ್ಕೆ

ವೈದ್ಯರ ಅಪ್ಪಣೆಯಂತೆ ಗೆರೆಯಣ್ಣನನ್ನು ಮೊದಲ ಬಾರಿಗೆ ಅಂಗಳಕ್ಕೆ ಕರೆತಂದ ಬೆಳಗ್ಗೆ ಅವನ ಹೆಂಡತಿಯ ಕೈಯಲ್ಲಿದ್ದ ಸೂಜಿ ಕಸೂತಿಯ ಅರ್ಧ ಎಲೆಯಲ್ಲಿಯೇ ನಿಂತುಬಿಟ್ಟಿತು.

"ಎಲ್ಲಿ ಕೂರಿಸ್ಲಿ ಅಮ್ಮಾ?" ಗಾಲಿಕುರ್ಚಿಯನ್ನು ತಳ್ಳುತ್ತಿದ್ದ ಮಗಳು ಕೇಳಿದಳು.

"ಆ ಗೋಡೆ ಹತ್ರ. ಅಲ್ಲಿ ಬಿಸಿಲು ಚೆನ್ನಾಗಿದೆ."

"ಅಲ್ಲಿ ಬಿಸಿಲೇ ಇಲ್ವಲ್ಲ!"

"ಬರುತ್ತೆ, ಬರುತ್ತೆ. ಅಲ್ಲೇ ಕೂರಿಸು."

ಮಗಳು ತಾಯಿಯ ಮುಖವನ್ನು ಒಮ್ಮೆ ನೋಡಿ, ಹೇಳಿದಂತೆ ಮಾಡಿದಳು. ನಾಲ್ಕು ತಿಂಗಳ ಹಿಂದೆ ಪಾರ್ಶ್ವವಾಯು ಬಡಿದು, ಗೆರೆಯಣ್ಣನ ಬಲಭಾಗವನ್ನೂ, ಬೆರಳೆಣಿಕೆಯಷ್ಟನ್ನು ಬಿಟ್ಟು ಉಳಿದೆಲ್ಲ ಮಾತುಗಳನ್ನೂ ಕಸಿದುಕೊಂಡಿತ್ತು. ಅವನು ನೆರಳಿನಲ್ಲಿ ಕುಳಿತು ಹೆಂಡತಿಯ ಬೆನ್ನನ್ನು ನೋಡತೊಡಗಿದ. ಅವಳು ಕಸೂತಿಯ ಚೌಕಟ್ಟನ್ನು ಎರಡು ಗೇಣು ಸರಿಸಿ, ತನ್ನ ಮೈಯನ್ನೇ ಅದಕ್ಕೆ ಮರೆಯಾಗಿಸಿಕೊಂಡಳು.

ಮರೆಮಾಡಲು ಕಾರಣವಿತ್ತು. ಬಟ್ಟೆಯ ಮೇಲೆ ಕಸೂತಿಗೆಂದು ಬಳ್ಳಿ, ಹೂವು, ಹಕ್ಕಿಗಳನ್ನು ಬರೆದುಕೊಡುವುದು ಗೆರೆಯಣ್ಣನ ವೃತ್ತಿ. ಬೀದಿಯವರಿಟ್ಟ ಹೆಸರೂ ಅದರಿಂದಲೇ ಬಂದದ್ದು. ಕಾಗದವಿಟ್ಟು ಅಚ್ಚು ತೆಗೆಯುವವರನ್ನು ಕಂಡರೆ ಅವನಿಗೆ ತಾತ್ಸಾರ. ಒಳಕೋಣೆಯ ಉದ್ದ ಮೇಜಿನ ಮೇಲೆ ಬಟ್ಟೆಯನ್ನು ಹಾಸಿ, ದರ್ಜಿಗಳು ಬಳಸುವ ಚಪ್ಪಟೆ ಸುಣ್ಣದ ಬಿಲ್ಲೆಯನ್ನು ಹಿಡಿದು, ಕೈಯೆತ್ತದೆ ಒಂದೇ ಉಸಿರಿನಲ್ಲಿ ಎಳೆಯುವನು. ಆ ಗೆರೆಯಲ್ಲಿ ಜೀವವಿತ್ತು, ಓಟವಿತ್ತು. ಆದರೆ ಅದು ಬಲಕ್ಕೆ ವಾಲುತ್ತಿತ್ತು. ಕಣ್ಣಿನ ದೋಷವೋ ಕೈಯ ದೋಷವೋ, ಅವನು ಬರೆದ ಪ್ರತಿಯೊಂದು ಎಲೆಯೂ ಅಕ್ಕಿಕಾಳಿನಷ್ಟು ಬಲಕ್ಕೆ ಹೊರಳಿಕೊಂಡಿರುತ್ತಿತ್ತು.

ಮದುವೆಯಾದ ಹೊಸತರಲ್ಲಿ ಅವಳು ಮೊದಲ ಹೊದಿಕೆಯಲ್ಲಿ ಗೆರೆಯ ಮೇಲೆಯೇ ಸೂಜಿ ನಡೆಸಿದ್ದಳು. ಆ ಹೊದಿಕೆಯನ್ನು ಅಂಗಡಿಯವನು ಹಿಂದಿರುಗಿಸಿದ. "ನೂಲನ್ನ ಬಿಗಿಯಾಗಿ ಎಳೆದಿದೀಯ ಕಣೇ, ಅದಕ್ಕೇ ಹೂವೆಲ್ಲ ಸೊಟ್ಟ" ಎಂದು ಗಂಡ ನಕ್ಕು ಸಮಾಧಾನ ಹೇಳಿದ. ಎರಡನೆಯ ಹೊದಿಕೆಗೆ ಅವಳು ಬಾಯಿ ಬಿಡದೆ, ಗೆರೆಯಿಂದ ಅಕ್ಕಿಕಾಳಿನಷ್ಟು ಎಡಕ್ಕೆ ಹೊಲಿದಳು. ಅಂಗಡಿಯವನು ಹೊಗಳಿ ಹೊಗಳಿ ಒಯ್ದ. "ನೋಡಿದೆಯಾ? ಗೆರೆ ನೆಟ್ಟಗಿದ್ರೆ ಹೂವು ತಾನಾಗಿ ನೆಟ್ಟಗಿರುತ್ತೆ!" ಎಂದು ಗಂಡ ಬೀಗಿದ. ಆ ಬೀಗುವಿಕೆಯನ್ನು ಕಂಡ ಮೇಲೆ ನಿಜ ಹೇಳುವ ಮನಸ್ಸು ಅವಳಿಗೆ ಎಂದೂ ಬರಲಿಲ್ಲ. ಮೂಲದ ಪಾಠದೋಷವನ್ನು ಭಕ್ತಿಯಿಂದ ತಿದ್ದಿ, ತಿದ್ದಿದ ಗುರುತನ್ನೂ ಉಳಿಸದೆ, ಕೃತಿಯನ್ನು ಕರ್ತೃವಿನ ಹೆಸರಿನಲ್ಲಿಯೇ ಒಪ್ಪಿಸುವ ಲಿಪಿಕಾರನಂತೆ ಅವಳು ಮೂವತ್ತೊಂದು ವರ್ಷ ಹೊಲಿದಳು.

ಗುಟ್ಟು ಉಳಿಯಲು ಅನುಕೂಲವೂ ಇತ್ತು. ಒಂದು ಹಸಿರು ನೂಲಿಗೂ ಇನ್ನೊಂದಕ್ಕೂ ಇರುವ ಭೇದ ದೀಪದ ಬೆಳಕಿನಲ್ಲಿ ತಿಳಿಯದು. ಆದ್ದರಿಂದ ಅವಳ ಕೆಲಸವೆಲ್ಲ ಅಂಗಳದ ಹಗಲಿನಲ್ಲಿ. ಅವನದು ಒಳಕೋಣೆಯಲ್ಲಿ. ಹೊತ್ತು ಇಳಿದಾಗ ಅವಳು ಮೆತ್ತನೆಯ ಬ್ರಷ್ಷಿನಿಂದ ಹೊಲಿದಷ್ಟು ಕಡೆಯ ಸುಣ್ಣವನ್ನೆಲ್ಲ ಕೊಡವಿ ಬಟ್ಟೆಯನ್ನು ಒಳಗೆ ತರುವಳು. ಅವನ ಕಣ್ಣಿಗೆ ಬೀಳುತ್ತಿದ್ದುದು ಹೂವು ಮಾತ್ರ. ಗೆರೆಯೂ ನೂಲೂ ಅಕ್ಕಪಕ್ಕದಲ್ಲಿರುವುದನ್ನು ಅವನು ಒಮ್ಮೆಯೂ ಕಂಡವನಲ್ಲ.

ಈಗ ಚೌಕಟ್ಟಿನಲ್ಲಿದ್ದ ಕಡುನೀಲಿ ಹೊದಿಕೆ ಅವನು ಬೀಳುವುದಕ್ಕೆ ಎರಡು ದಿನ ಮೊದಲು ಬರೆದದ್ದು. ಅವನ ಕೈಯ ಕೊನೆಯ ಬರೆಹ. ಮೈ ಹೋಯಿತು, ಮಾತು ಹೋಯಿತು. ತನ್ನ ಗೆರೆ ನೆಟ್ಟಗಿತ್ತೆಂಬ ನಂಬಿಕೆಯೊಂದಾದರೂ ಅವನ ಪಾಲಿಗೆ ಉಳಿಯಲಿ ಎಂಬುದಷ್ಟೇ ಅವಳು ದೇವರಲ್ಲಿ ಬೇಡುತ್ತಿದ್ದುದು.

ಐದು ದಿನ ಅವಳ ಬೆನ್ನು ಆ ನಂಬಿಕೆಯನ್ನು ಕಾಯಿತು. ಆರನೆಯ ದಿನ ಪಕ್ಕದ ಮನೆಯ ಗುಂಡಿಯಕ್ಕ ಬಂದಳು. ಅಂಗಿಯ ಗುಂಡಿಗಳನ್ನು ಮಾರುವ ಆಕೆಗೆ ಮೆಲುದನಿ ಎಂಬುದು ಹುಟ್ಟಿನಿಂದಲೇ ಒಲಿದಿರಲಿಲ್ಲ.

"ಏನ್ ಗೆರೆಯಣ್ಣಾ, ರಾಜನ ಹಾಗೆ ಕೂತ್ಬಿಟ್ಟಿದೀಯಲ್ಲ!" ಎಂದು ನಕ್ಕು, ಚೌಕಟ್ಟಿನ ಮೇಲೆ ಬಗ್ಗಿದಳು. "ಅಯ್ಯೋ, ಇದೇನೇ ತಂಗಿ? ಗೆರೆ ಒಂದು ದಾರಿ, ಸೂಜಿ ಒಂದು ದಾರಿ! ಅಣ್ಣನಿಗೆ ಬಾಯಿ ಇದ್ದಿದ್ರೆ ಇವತ್ತು ನಿನಗೆ ಗ್ರಹಚಾರ ಬಿಡಿಸ್ತಿದ್ದ."

"ಮೆಲ್ಲಗೆ ಅಕ್ಕಾ, ನಿಮ್ಮ ದಮ್ಮಯ್ಯ."

"ಯಾಕೆ ಮೆಲ್ಲಗೆ? ಕಣ್ಣು ಮಂಜಾಗಿದ್ರೆ ಕನ್ನಡಕ ಹಾಕ್ಕೋ. ನಾಚಿಕೆ ಯಾಕೆ, ನಾನೇ ಹಾಕ್ಕೊಂಡಿಲ್ವಾ? ಮೂಗಿನ ಮೇಲೆ ನಿಲ್ಲಲ್ಲ ಅನ್ನೋದು ಬೇರೆ ಮಾತು."

ತನ್ನ ಮಾತಿಗೆ ತಾನೇ ನಕ್ಕು ಆಕೆ ಹೊರಟುಹೋದಳು. ಗೋಡೆಯ ಬಳಿ ಟಕ್ ಟಕ್ ಎಂಬ ಸದ್ದಾಯಿತು. ಗೆರೆಯಣ್ಣ ಎಡಗೈಯ ಬೆರಳಿನಿಂದ ಕುರ್ಚಿಯ ಹಿಡಿಯನ್ನು ಬಡಿಯುತ್ತಿದ್ದ.

"ಇಲ್ಲಿ" ಎಂದ. ಉಳಿದಿದ್ದ ಮಾತುಗಳಲ್ಲಿ ಅದೊಂದು. ಕಣ್ಣು ಚೌಕಟ್ಟಿನ ಮೇಲಿತ್ತು.

"ಬಿಸಿಲು ಜಾಸ್ತಿ ರೀ ಇಲ್ಲಿ. ತಲೆ ಸುತ್ತುತ್ತೆ."

"ಇಲ್ಲಿ."

ಅವಳು ಏಳಲಿಲ್ಲ. ಬಟ್ಟೆ ಒಣಹಾಕುತ್ತಿದ್ದ ಮಗಳು ಏನೂ ಅರಿಯದೆ ಬಂದು ಕುರ್ಚಿಯನ್ನು ಚೌಕಟ್ಟಿನ ಪಕ್ಕಕ್ಕೇ ತಳ್ಳಿದಳು. ಅವನು ಬಾಗಿದ. ಎಡಗೈಯ ತೋರುಬೆರಳನ್ನು ಸುಣ್ಣದ ಗೆರೆಯ ಮೇಲಿಟ್ಟು ಎಲೆಯೊಂದನ್ನು ಸುತ್ತಿ ಬಂದ. ಬಳಿಕ ನೂಲಿನ ಮೇಲಿಟ್ಟು ಅದೇ ಎಲೆಯನ್ನು ಸುತ್ತಿದ. ಮುಂದಿನ ಎಲೆ. ಅದರ ಮುಂದಿನದು.

"ಇದೊಂದೇ ರೀ. ನಿನ್ನೆಯಿಂದ ಕಣ್ಣು ಸ್ವಲ್ಪ ಮಂಜು. ಬಿಚ್ಚಿ ಮತ್ತೆ ಹಾಕ್ತೀನಿ."

ಆದರೆ ಅವನು ಕಸಬುದಾರ. ಮಂಜಾದ ಕಣ್ಣು ಒಮ್ಮೆ ಎಡಕ್ಕೆ ತಪ್ಪಿದರೆ ಇನ್ನೊಮ್ಮೆ ಬಲಕ್ಕೆ ತಪ್ಪುತ್ತದೆ. ಇಲ್ಲಿಯೋ ಪ್ರತಿ ಎಲೆಯಲ್ಲೂ ಒಂದೇ ಕಡೆಗೆ, ಒಂದೇ ಅಳತೆಗೆ. ನೂಲಿನ ಎಲೆ ನೆಟ್ಟಗಿತ್ತು. ಸುಣ್ಣದ ಎಲೆ ವಾಲಿತ್ತು. ಅವನು ತಲೆಯೆತ್ತಿ ಹೆಂಡತಿಯನ್ನು ನೋಡಿದ.

"ಎಲ್ಲ" ಎಂದ. ಅದು ಪ್ರಶ್ನೆಯಾಗಿರಲಿಲ್ಲ.

ಮೂವತ್ತೊಂದು ವರ್ಷದ ಹೊದಿಕೆಗಳೆಲ್ಲ ಆ ಒಂದು ಮಾತಿನಲ್ಲಿದ್ದುದನ್ನು ಅರಿತು ಅವಳು ತಲೆ ತಗ್ಗಿಸಿದಳು. ಆ ದಿನ ಅವನು ಊಟದ ತಟ್ಟೆಯನ್ನು ಎಡಗೈಯಿಂದ ದೂರ ಸರಿಸಿದ. ಮಗಳು ಎಷ್ಟು ಪುಸಲಾಯಿಸಿದರೂ ಬಾಯಿ ತೆರೆಯಲಿಲ್ಲ.

ಮರುದಿನ ಅವಳು ತನಗೆ ತೋಚಿದ ಒಂದೇ ಉಪಾಯವನ್ನು ಮಾಡಿದಳು. ಬಳ್ಳಿಯ ತುದಿಯಲ್ಲಿದ್ದ ದೊಡ್ಡ ಹೂವನ್ನು ಅವನ ಗೆರೆಯ ಮೇಲೆಯೇ, ಕೂದಲೆಳೆಯಷ್ಟೂ ತಪ್ಪದಂತೆ ಹೊಲಿಯತೊಡಗಿದಳು. ಸುಲಭವಾಗಿರಲಿಲ್ಲ. ಮೂರು ದಶಕಗಳ ಅಭ್ಯಾಸ ಬೆರಳುಗಳನ್ನು ಎಡಕ್ಕೆ ಸೆಳೆಯುತ್ತಿತ್ತು. ಮತ್ತೆ ಮತ್ತೆ ಬಿಚ್ಚಿದಳು, ಮತ್ತೆ ಮತ್ತೆ ಹಾಕಿದಳು. ಮಧ್ಯಾಹ್ನದ ವೇಳೆಗೆ ಹೂವು ಮುಗಿಯಿತು. ಗಂಡನ ಕುರ್ಚಿಯನ್ನು ತಾನೇ ತಳ್ಳಿಕೊಂಡು ಬಂದಳು.

"ನೋಡಿ. ನಿಮ್ಮ ಗೆರೆ ಮೇಲೇ ಇದೆ. ಒಂದು ಹೊಲಿಗೆ ಕೂಡ ಆಚೆ ಈಚೆ ಹೋಗಿಲ್ಲ."

ಅಷ್ಟರಲ್ಲಿ ಮಗಳು ಹೆಗಲ ಮೇಲಿಂದ ಇಣುಕಿದಳು. "ಅಮ್ಮಾ, ಎಲ್ಲ ಚೆನ್ನಾಗಿದೆ, ಈ ಹೂವೊಂದು ಯಾಕೆ ಸೊಟ್ಟ? ಅಪ್ಪನ ಗೆರೆ ನೋಡ್ಕೊಂಡು ಹಾಕ್ಬಾರ್ದಾ?"

"ಸುಮ್ನಿರೇ!"

ತಾಯಿಯ ದನಿಗೆ ಮಗಳು ಬೆಚ್ಚಿ ಹಿಂದೆ ಸರಿದಳು. ಗೆರೆಯಣ್ಣ ಆ ಹೂವನ್ನು ಬಹಳ ಹೊತ್ತು ನೋಡಿದ. ತನ್ನ ಕೈ ಬರೆದದ್ದನ್ನು ಬರೆದಂತೆಯೇ ನೂಲಿನಲ್ಲಿ ಅವನು ಕಾಣುತ್ತಿದ್ದುದು, ಹಿಂದಿರುಗಿ ಬಂದ ಆ ಮೊದಲ ಹೊದಿಕೆಯ ತರುವಾಯ ಇದೇ ಮೊದಲು. ಆಗ ನೂಲಿನ ಮೇಲೆ ಹೊರಿಸಿದ್ದ ತಪ್ಪನ್ನು ಈಗ ಯಾರ ಮೇಲೂ ಹೊರಿಸುವಂತಿರಲಿಲ್ಲ. ಹೂವು ಕತ್ತು ಮುರಿದಂತೆ ಬಲಕ್ಕೆ ಒರಗಿತ್ತು.

ಅವನು ಎಡಗೈಯನ್ನು ಎತ್ತಿ, ಇನ್ನೂ ಹೊಲಿಯದಿದ್ದ ಕಡೆಗೆ ಚಾಚಿ, ಅಂಗೈಯಿಂದ ಒರೆಸಿದ. ಒಂದು ಹಕ್ಕಿ ಹೋಯಿತು.

"ಬೇಡ ರೀ! ಏನ್ ಮಾಡ್ತಿದೀರಿ!"

ಅವಳು ಮಣಿಕಟ್ಟನ್ನು ಹಿಡಿದಳು. ಆ ಕೈಯಲ್ಲಿ ಅಷ್ಟೊಂದು ಬಲ ಉಳಿದಿದೆಯೆಂದು ಅವಳಿಗೆ ತಿಳಿದಿರಲಿಲ್ಲ. ಅಥವಾ ಉಳಿದ ಬಲವೆಲ್ಲ ಅದೊಂದೇ ಕೆಲಸಕ್ಕೆ ಬಂದಿತ್ತೋ ಏನೋ. ಹಿಡಿದಿರಲು ಅವಳಿಗೆ ಮನಸ್ಸಾಗಲಿಲ್ಲ. ಬಿಟ್ಟಳು. ಅವನು ಬಳ್ಳಿಯನ್ನೂ ಮೊಗ್ಗುಗಳನ್ನೂ ಎರಡನೆಯ ಹಕ್ಕಿಯನ್ನೂ ಒರೆಸಿದ. ಚೌಕಟ್ಟಿನ ಮುಕ್ಕಾಲು ಭಾಗದಲ್ಲಿ ಬರಿಯ ನೀಲಿ ಬಟ್ಟೆ ಉಳಿಯಿತು. ಅವನ ಅಂಗೈ ಬೆಳ್ಳಗಾಯಿತು.

ಅವಳು ಒಳಗೆ ಓಡಿ, ಮೇಜಿನ ಮೇಲಿದ್ದ ಸುಣ್ಣದ ಬಿಲ್ಲೆಯನ್ನು ತಂದು ಆ ಅಂಗೈಯಲ್ಲಿಟ್ಟು, ಬೆರಳುಗಳನ್ನು ಮಡಿಸಿದಳು.

"ಒಂದೇ ಒಂದು ಗೆರೆ ಹಾಕಿ. ಎಡಗೈಯಲ್ಲೇ ಹಾಕಿ. ಹೇಗಾದ್ರೂ ಬರ್ಲಿ, ನನಗೆ ಸಾಕು."

ಅವನು ಬೆರಳು ಬಿಚ್ಚಿದ. ಬಿಲ್ಲೆ ಅವನ ಮಡಿಲಿಗೆ ಬಿತ್ತು.

"ನೀನು."

"ನನಗೆ ಬರಲ್ಲ ರೀ. ಯಾವತ್ತಾದ್ರೂ ಬರೆದಿದೀನಾ ನಾನು? ನಿಮ್ಮ ಗೆರೆ ಇದ್ರೇನೇ ನನ್ನ ಸೂಜಿಗೆ ದಾರಿ."

"ನೀನು" ಎಂದು ಅವನು ಮತ್ತೊಮ್ಮೆ ಹೇಳಿದ. ದನಿಯಲ್ಲಿ ಕೋಪವಿರಲಿಲ್ಲ, ಇದ್ದಿದ್ದರೆ ಅವಳಿಗೆ ಹಗುರವಾಗುತ್ತಿತ್ತು.

ಅವಳು ಬಿಲ್ಲೆಯನ್ನು ಎತ್ತಿಕೊಂಡು ಬರಿಯ ಬಟ್ಟೆಯ ಮುಂದೆ ಕುಳಿತಳು. ಕಣ್ಣೀರನ್ನು ತೋಳಿನಿಂದ ಒರೆಸಿಕೊಂಡಳು. ಸಾವಿರಾರು ಎಲೆಗಳನ್ನು ನೆಟ್ಟಗೆ ನಿಲ್ಲಿಸಿದ ಕೈ ಒಂದು ಎಲೆಯನ್ನು ಬರೆಯಿತು. ಬರೆದು ನೋಡಿದಳು. ಎಲೆ ಅಕ್ಕಿಕಾಳಿನಷ್ಟು ಎಡಕ್ಕೆ ವಾಲಿತ್ತು. ಇನ್ನೊಂದನ್ನು ಬರೆದಳು. ಅದೂ ಎಡಕ್ಕೇ.

"ರೀ! ನೋಡಿ ಇಲ್ಲಿ. ನಂದೂ ಸೊಟ್ಟ. ದೇವರಾಣೆ, ನಂದೂ ಸೊಟ್ಟಗೇ ಬಂತು. ಒಬ್ಬಳೇ ಹಾಕಿದ್ರೆ ಇಷ್ಟೇ ನಾನು. ಒಂದ್ಸಲ ನೋಡಿ!"

ಅವನು ಆಗಲೇ ಮನೆಯ ಬಾಗಿಲಿನ ಕಡೆಗೆ ಮುಖ ತಿರುಗಿಸಿದ್ದ.

"ಒಳಗೆ" ಎಂದ.

ಮಗಳು ಒಮ್ಮೆ ತಾಯಿಯನ್ನು, ಒಮ್ಮೆ ತಂದೆಯನ್ನು ನೋಡಿದಳು. ಏನು ನಡೆಯಿತೆಂದು ಅವಳಿಗೆ ತಿಳಿಯದು. ಕೇಳಲು ಧೈರ್ಯವೂ ಸಾಲದು. ಕುರ್ಚಿಯನ್ನು ಮೆಲ್ಲನೆ ತಿರುಗಿಸಿ ಒಳಗೆ ತಳ್ಳಿಕೊಂಡು ಹೋದಳು.